ಬುಟ್ಟಿಯ ಕೆಳಗಿನ ಜೋಡಿ

ಕೆಲಸಕ್ಕೆ ಸೇರಿದ ಮೊದಲ ದಿನ ಅವನು ಮಡುವಿನ ಮೇಲಿನ ಹಾಸುಗಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು, ಅಲ್ಲಿ ಕೂತಿದ್ದ ಹೆಂಗಸಿನ ಮುಂದೆ ಕೈ ಚಾಚಿ ಟೋಕನ್ ಕೇಳಿದ. ನೂರು ಜೋಡಿ ಪಾದರಕ್ಷೆಗಳ ನಡುವೆ ಕಣ್ಣು ಕೀಲಿಸಿ ಕೂತವಳು ಚಪ್ಪಲಿ ಕಾಯುವವಳಲ್ಲದೆ ಇನ್ನಾರು ಎಂಬುದು ಅವನ ತರ್ಕ. ಪದವಿ ಓದಿದವನ ತರ್ಕ. ಹೆಂಗಸು ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಪಕ್ಕದಲ್ಲಿ ಬಿದ್ದಿದ್ದ ಒಂದು ಬೆಣಚುಕಲ್ಲನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು.

"ಕಳ್ಕೋಬೇಡ" ಎಂದಳು.

ಅವನು ಸಂಜೆಯವರೆಗೂ ಬರಿಗಾಲಲ್ಲಿ ಟಿಕೆಟ್ ಹರಿದುಕೊಡುತ್ತ, ಗಳಿಗೆಗೊಮ್ಮೆ ಜೇಬು ಮುಟ್ಟಿಕೊಳ್ಳುತ್ತ, ಆ ಕಲ್ಲನ್ನು ಪ್ರಾಣದಂತೆ ಕಾಪಾಡಿದ. ಕೆಲಸ ಮುಗಿದ ಮೇಲೆ ತಂದು ಒಪ್ಪಿಸಿದ. ಆಕೆ ಅದನ್ನು ತಿರುಗಿಯೂ ನೋಡದೆ ಹೆಗಲ ಮೇಲಿಂದ ಹಿಂದಕ್ಕೆ ಎಸೆದಳು. ಕೆಳಗೆ ಮಡುವಿನಲ್ಲಿ ಡುಬುಕ್ ಎಂದಿತು.

"ಸಿಕ್ತಲ್ಲ ಚಪ್ಪಲಿ? ಇನ್ಮೇಲೆ ಈ ಕಲ್ಲಿನ ಮೇಲೆ ಕೆಲಸದೋರು ಯಾರೂ ಚಪ್ಪಲಿ ಬಿಡಬಾರದು. ಇದು ನೀರಿಗಿಳಿಯೋರಿಗೆ ಮಾತ್ರ. ತಿಳೀತಾ?"

ಅಂದಿನಿಂದ ಅವನ ಹೆಸರು ಟೋಕನ್ ಎಂದಾಯಿತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಆ ಹೆಂಗಸನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಯಾರ ಚಿಕ್ಕಮ್ಮ ಎಂದು ಯಾರೂ ಕೇಳಿದವರಲ್ಲ. ಐವತ್ತರ ಮೇಲಿನ ವಯಸ್ಸು, ಕಡ್ಡಿಯಂಥ ಮೈ, ನೀರು ಹೊಕ್ಕು ಹೊಕ್ಕು ಮಂದವಾದ ಎಡಗಿವಿ. ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ, ಸೊಂಟದಲ್ಲಿ ಉಪ್ಪಿನ ಪೊಟ್ಟಣ. ಉಪ್ಪು ಜಿಗಣೆಗೆ. ಆ ಕಾಡಿನಲ್ಲಿ ಎಲೆ ಎಲೆಗೂ ಜಿಗಣೆ. ಚಿಕ್ಕಮ್ಮ ಮಾತ್ರ ಮಳೆಯಿರಲಿ ಬಿಸಿಲಿರಲಿ ಬರಿಗಾಲಲ್ಲೇ ಓಡಾಡುವವಳು. ಕಾಲಿಗೆ ಕಚ್ಚಿದ್ದನ್ನು ಮಾತು ನಿಲ್ಲಿಸದೆ ಉಪ್ಪು ಸವರಿ ಉದುರಿಸುತ್ತಿದ್ದಳು. ನೂರಾರು ಜೋಡಿ ಕಾಯುವವಳಿಗೆ ಸ್ವಂತದ್ದೊಂದು ಜೋಡಿ ಇರಲಿಲ್ಲ. ಅದನ್ನು ಟೋಕನ್ ಒಂದು ಜೋಕಿನಂತೆ ಎಲ್ಲರಿಗೂ ಹೇಳುತ್ತಿದ್ದ.

ಬೋರ್ಡಿನ ಮೇಲೆ ಜಲಪಾತ ಎಂದು ಬರೆದಿದ್ದರೂ ಅದು ಮೂರಾಳೆತ್ತರದಿಂದ ಬೀಳುವ ಒಂದು ಝರಿ. ಅದರ ಬುಡದಲ್ಲಿ ಬಂಡೆಗಳ ನಡುವೆ ದುಂಡಗಿನ ಮಡು. ದಡದ ಕಡೆ ಮೊಣಕಾಲುದ್ದ, ಝರಿ ಬೀಳುವ ಕಡೆ ತಳ ಕಾಣದಷ್ಟು ಆಳ. ಬಿದ್ದ ನೀರಿನ ಹಿಂದೆ ಬಂಡೆಯೊಳಗೆ ಒಂದು ಪೊಟರೆ. ಮರಗಳು ಮೇಲೆ ಚಪ್ಪರದಂತೆ ಮುಚ್ಚಿಕೊಂಡಿದ್ದರಿಂದ ಮಟಮಟ ಮಧ್ಯಾಹ್ನದಲ್ಲೂ ನೀರು ಹಸಿರುಗಪ್ಪು. ಮೇಲಿನ ಹಾಸುಗಲ್ಲಿನಿಂದ ಮಡುವಿಗೆ ಮೂವತ್ತೆರಡು ಮೆಟ್ಟಿಲು, ಎಲ್ಲಕ್ಕೂ ಪಾಚಿ. ಅದಕ್ಕೇ ಎಲ್ಲರೂ ಹಾಸುಗಲ್ಲಿನ ಮೇಲೆ ಪಾದರಕ್ಷೆ ಬಿಟ್ಟೇ ಇಳಿಯಬೇಕು. ಹತ್ತಿ ಬರಲೂ ಬೇರೆ ದಾರಿಯಿಲ್ಲ.

ಚಿಕ್ಕಮ್ಮನ ಕೆಲಸ ನಿಂತಿದ್ದದ್ದು ಇದರ ಮೇಲೆ. ಒಂದು ಜೋಡಿ ಬಂದರೆ ಬಂಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಒಂದು ಗೀಟು. ಹೋದರೆ ಅದಕ್ಕೆ ಅಡ್ಡಗೀಟು. ಸಂಜೆ ಐದಕ್ಕೆ ಸೀಟಿ ಊದಿ ಎಲ್ಲರನ್ನೂ ಹತ್ತಿಸಿದ ಮೇಲೆ ಕಲ್ಲು ಬರಿದಾಗಬೇಕು. ಬರಿದಾದರೆ ಆ ದಿನ ನೀರು ಯಾರನ್ನೂ ಇಟ್ಟುಕೊಂಡಿಲ್ಲ ಎಂದು ಅರ್ಥ.

"ನನ್ನ ಟಿಕೆಟ್ ಪುಸ್ತಕದಲ್ಲೇ ಎಷ್ಟು ಜನ ಅಂತ ಇರುತ್ತಲ್ಲ, ಚಿಕ್ಕಮ್ಮ" ಎಂದು ಟೋಕನ್ ಒಮ್ಮೆ ಬುದ್ಧಿವಂತಿಕೆ ತೋರಿಸಿದ್ದ.

"ನಿನ್ನ ಪುಸ್ತಕದಲ್ಲಿ ಮಕ್ಕಳಿಗೆ ಟಿಕೆಟ್ ಇಲ್ಲ, ಸಾಹೇಬರ ನೆಂಟರಿಗಿಲ್ಲ, ಬೇಲಿ ಹಾರಿ ಬರೋರಿಗಿಲ್ಲ. ನೀರು ಟಿಕೆಟ್ ನೋಡಿ ಮುಳುಗಿಸುತ್ತಾ?"

ದುಬಾರಿ ಶೂ ಬಿಡಲು ಹಿಂದೆಮುಂದೆ ನೋಡುವವರಿಗೂ ಆಕೆಯ ಹತ್ತಿರ ಉತ್ತರವಿತ್ತು. "ಶೂ ಎಲ್ಲಿಗೂ ಹೋಗಲ್ಲ ಯಜಮಾನ್ರೇ. ನೀವು ವಾಪಸ್ ಬನ್ನಿ, ಸಾಕು."

ಈ ಲೆಕ್ಕದ ಹಿಂದಿನ ಕಥೆ ಅಲ್ಲಿನ ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಬೇಲಿಯೂ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಚಿಕ್ಕಮ್ಮ ಆಗ ಕಸ ಗುಡಿಸುವವಳು. ಒಂದು ಸಂಜೆ ಕಲ್ಲಿನ ಮೇಲೆ ಹೆಂಗಸರ ಚಪ್ಪಲಿಯ ಜೋಡಿಯೊಂದು ಉಳಿದಿತ್ತು. ಯಾರೋ ಮರೆತಿದ್ದಾರೆ, ಮಳೆಗೆ ನೆನೆಯುವುದು ಬೇಡ ಎಂದು ಆಕೆ ಅದನ್ನು ಎತ್ತಿಟ್ಟಳಂತೆ. ಮೂರನೆಯ ದಿನ ಚಪ್ಪಲಿಯ ಒಡತಿ ಪೊಟರೆಯಿಂದ ತೇಲಿ ಬಂದಳು. ಒಂಟಿಯಾಗಿ ಬಂದಿದ್ದ ಒಬ್ಬ ದಾದಿ. ರಜೆ ಹಾಕಿ ತಣ್ಣಗೆ ಒಂದು ಮುಳುಗು ಹಾಕಲು ಬಂದಿದ್ದವಳು. ಎತ್ತಿಡದೆ ಕೂಗಿ ಹೇಳಿದ್ದರೆ ಅಂದೇ ಹುಡುಕಬಹುದಿತ್ತು ಎಂದು ಯಾರೋ ಅಂದರು. ಆ ಮಾತನ್ನು ಚಿಕ್ಕಮ್ಮ ಬಾಚಿ ಎದೆಗೆ ಹಾಕಿಕೊಂಡಳು. ಮಡುವಿನ ಆಳ ಕಲಿತಳು, ಉಸಿರು ಕಟ್ಟುವುದನ್ನು ಕಲಿತಳು, ಅರಣ್ಯ ಇಲಾಖೆಯವರ ಬೆನ್ನುಬಿದ್ದು ಸೀಟಿ ಪಡೆದಳು. ಒಂದು ನಿಯಮವನ್ನೂ ಮಾಡಿಕೊಂಡಳು: ಐದು ಗಂಟೆಯ ಮೇಲೆ ಉಳಿದ ಜೋಡಿಯನ್ನು ಯಾರೂ ಮುಟ್ಟುವಂತಿಲ್ಲ. ಇದ್ದಲ್ಲೇ ಅದರ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಕಲ್ಲು ಹೇರಬೇಕು. ಮನುಷ್ಯ ಸಿಗುವವರೆಗೆ ಬುಟ್ಟಿ ಎತ್ತಬಾರದು.

ಬುಟ್ಟಿ ಅಲ್ಲೇ ಮರಕ್ಕೆ ನೇತುಬಿದ್ದಿತ್ತು. ಟೋಕನ್ ಸೇರಿದ ಎರಡು ವರ್ಷದಲ್ಲಿ ಅದು ಕೆಳಗಿಳಿದದ್ದನ್ನು ಅವನು ನೋಡಿರಲಿಲ್ಲ.

ಆ ದಿನ ರಜೆಯ ಜನಜಂಗುಳಿ. ಮಧ್ಯಾಹ್ನದ ಹೊತ್ತಿಗೆ ಕಚೇರಿಯಿಂದ ಕೆಲಸದವರಿಗೆಲ್ಲ ಗಮ್‌ಬೂಟುಗಳು ಬಂದವು. ಟೋಕನ್‌ಗೆ ಬಂದದ್ದು ಕಡು ಹಸಿರು, ಮೊಣಕಾಲಿನವರೆಗೆ. ಜಿಗಣೆಗಳ ವಿರುದ್ಧ ಎರಡು ವರ್ಷದ ಯುದ್ಧ ಗೆದ್ದವನಂತೆ ಅವನು ಅವನ್ನು ಕಂಕುಳಲ್ಲಿಟ್ಟುಕೊಂಡೇ ಹಾಸುಗಲ್ಲಿಗೆ ಇಳಿದ. ಮೇಲೆ ಮೋಡ ಕಟ್ಟುತ್ತಿದೆ, ಐದಕ್ಕೆ ಒಂದು ನಿಮಿಷವೂ ಹೆಚ್ಚು ಬೇಡ ಎಂದು ಸಾಹೇಬರು ಹೇಳಿ ಕಳಿಸಿದ್ದರು. ಚಿಕ್ಕಮ್ಮ ಮೆಟ್ಟಿಲಿನ ಬಳಿ ನಿಂತು, ಕೆಳಗೆ ಬಂಡೆಯಿಂದ ಹಾರಲು ಹೊರಟಿದ್ದ ಒಬ್ಬನಿಗೆ ಮಂಗಳಾರತಿ ಎತ್ತುತ್ತಿದ್ದಳು. ಟೋಕನ್ ಸಂದೇಶವನ್ನು ಅವಳ ಬೆನ್ನಿಗೆ ಹೇಳಿದ. ಅವಳು ಬೆನ್ನಿನಿಂದಲೇ ಹ್ಞೂಂ ಎಂದಳು. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಬೂಟು ಏರಿಸಿಕೊಂಡು, ಪಚಕ್ ಪಚಕ್ ಎಂದು ಸದ್ದು ಮಾಡುತ್ತ ಮೇಲೆ ಹತ್ತಿದ. ಕೌಂಟರಿನಲ್ಲಿ ಸಂಜೆಯವರೆಗೂ ಕಾಲು ಮುಂದೆ ಚಾಚಿಕೊಂಡೇ ಕೂತಿದ್ದ. ಟಿಕೆಟ್ ಕೊಳ್ಳಲು ಬಂದವರು ನೋಡಲಿ ಎಂದು.

ಐದೂಕಾಲಿಗೆ ಸೀಟಿ ಕೇಳಿಸಿತು. ಎಂದಿನ ಒಂದು ಸೀಟಿಯಲ್ಲ. ನಿಲ್ಲದ ಸೀಟಿ.

ಅವನು ಓಡಿ ಬಂದಾಗ ಹಾಸುಗಲ್ಲು ಬರಿದಾಗಿತ್ತು. ನಡುವೆ ಬುಟ್ಟಿಯೊಂದು ಕವುಚಿ ಬಿದ್ದಿತ್ತು. ಅದರ ಮೇಲೆ ಕಲ್ಲು.

"ಒಬ್ಬ ಉಳಿದ" ಎಂದಳು ಚಿಕ್ಕಮ್ಮ. ಆಗಲೇ ಸೆರಗು ಬಿಗಿದು ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದಳು. "ಗಂಡಸು. ಮೇಲೆ ಗಾಡಿ ಏನಾದರೂ ನಿಂತಿದೆಯಾ ನೋಡಿದ್ಯಾ?"

"ಒಂದೂ ಇಲ್ಲ."

"ಹಾಗಾದ್ರೆ ಬಸ್ಸಲ್ಲಿ ಬಂದೋನು. ಒಬ್ಬನೇ ಬಂದೋನು. ಜೊತೆಗಾರರಿದ್ದಿದ್ರೆ ಈ ಹೊತ್ತಿಗೆ ಬಾಯಿ ಬಡ್ಕೊಳ್ತಿದ್ರು." ಗಂಟನ್ನು ಎಳೆದು ಬಿಗಿದಳು. "ಎರಡು ಗಂಟೆಗೆ ಎಣಿಸಿದಾಗ ಗೀಟಿಗಿಂತ ಒಂದು ಜೋಡಿ ಹೆಚ್ಚು ಬಂತು ಕಣೋ. ನಾನೇ ಒಂದು ಬಿಟ್ಟೆ ಅಂದ್ಕೊಂಡು ಗೀಟು ಸೇರಿಸಿದೆ. ನನ್ನ ಕಣ್ಣೆದುರೇ ಬಂದು ಇಳಿದಿದ್ದಾನೆ, ನಾನು ಮುಖ ನೋಡಿಲ್ಲ."

ಟೋಕನ್ ಸಾಹೇಬರಿಗೆ ಫೋನು ಮಾಡಿದ. ಸಾಹೇಬರು ಮುಳುಗುಗಾರರ ತಂಡಕ್ಕೆ ಫೋನು ಮಾಡಿದರು. ತಂಡ ಬರಲು ಎರಡು ಗಂಟೆ ಎಂದರು.

"ಎರಡು ಗಂಟೆ" ಎಂದಳು ಚಿಕ್ಕಮ್ಮ. "ಬರಲಿ, ಹೆಣ ಹೊರೋಕೆ ಅವರೂ ಬೇಕಲ್ಲ."

ಮೆಟ್ಟಿಲಿಳಿಯುವಾಗ ಟೋಕನ್ ಕೇಳಿದ, "ಹೇಗಿತ್ತು ಚಿಕ್ಕಮ್ಮ ಚಪ್ಪಲಿ?"

"ಕಂದು ಬಣ್ಣ. ಹಳೇದು. ಎಡಗಾಲಿನ ಹಿಮ್ಮಡಿ ಪೂರ್ತಿ ಸವೆದಿದೆ. ಎಡಗಾಲು ಎಳೆದು ನಡೆಯೋನು. ಹೊಸದು ಕೊಳ್ಳೋಕೆ ತಿಂಗಳು ತಿಂಗಳು ಮುಂದೂಡೋನು."

ಟೋಕನ್ ಆ ಮನುಷ್ಯನನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡ. ತನ್ನಂಥವನೇ ಯಾವನೋ ಪಾಪದವನು. ಅವನಿಗೂ ಒಬ್ಬ ತಾಯಿ ಇರಬೇಕು, ಬಾಗಿಲ ಕಡೆ ನೋಡುತ್ತ ಕೂತಿರಬೇಕು. ಸಣ್ಣ ಸಂಬಳದಲ್ಲಿ ಒಂದು ರಜೆ ಸಿಕ್ಕಿತೆಂದು ನೀರು ನೋಡಲು ಬಂದಿರಬೇಕು. ಆ ಕಾಣದವನ ಬಾಳನ್ನು ಟೋಕನ್ ಹದಿನೆಂಟನೆಯ ಮೆಟ್ಟಿಲಿನ ಹೊತ್ತಿಗೆ ಮದುವೆಯವರೆಗೂ ಕಟ್ಟಿ ಮುಗಿಸಿದ್ದ. ಅವನ ಕಣ್ಣು ತುಂಬಿ ಬಂತು.

ಚಿಕ್ಕಮ್ಮ ನೀರಿಗಿಳಿದಳು. ಹಗ್ಗದ ಈ ತುದಿ ಟೋಕನ್‌ನ ಕೈಯಲ್ಲಿ. ಎರಡು ಸಲ ಜಗ್ಗಿದರೆ ಎಳೆಯಬೇಕು, ಅಷ್ಟೇ. ಅವಳು ಮುಳುಗುವಳು, ಟೋಕನ್ ಎಣಿಸುವನು. ಇಪ್ಪತ್ತು, ಮೂವತ್ತು, ನಲವತ್ತು. ನೆರೆತ ತಲೆ ಮೇಲೇಳುವುದು. ಕೈ ಬರಿದು. ಮತ್ತೆ ಮುಳುಗು. ಮೊದಲು ಬಲದಂಡೆಯ ಬೇರುಗಳ ಸಂದಿ. ಆಮೇಲೆ ಚಪ್ಪಟೆ ಬಂಡೆಯ ಅಡಿ. ಮೇಲೆ ಮೋಡ ಗುಡುಗಿತು. ಝರಿಯ ನೀರು ಕೆಂಪಗಾಗತೊಡಗಿತು. ಮೇಲೆಲ್ಲೋ ಮಳೆ ಶುರುವಾಗಿತ್ತು.

ಐದನೆಯ ಸಲ ಎದ್ದಾಗ ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಂಡೆಗೆ ಆತುಕೊಂಡು, ಮಾತಿಗೆ ಉಸಿರು ಸಾಲದೆ, ಬರೀ ತಲೆಯಾಡಿಸಿದಳು.

"ಸಾಕು ಚಿಕ್ಕಮ್ಮ. ತಂಡ ಬರಲಿ."

"ನೀರು ಏರ್ತಾ ಇದೆ. ಪೊಟರೆ ಒಂದು ಉಳಿದಿದೆ." ಹಲ್ಲು ಕಟಕಟ ಎನ್ನುತ್ತಿದ್ದವು. "ಆ ಸಲ ಎರಡು ದಿನ ಅವಳು ಅಲ್ಲೇ ಇದ್ದಳು ಕಣೋ. ನಾನು ಮೇಲೆ ಕಸ ಗುಡಿಸ್ತಾ ಇದ್ದೆ. ಇನ್ನೊಂದು ಸಲ ಹಾಗಾದ್ರೆ ನಾನು ಈ ಮೆಟ್ಟಿಲು ಹತ್ತಲ್ಲ. ನೋಡ್ತಾ ಇರು, ಹತ್ತಲ್ಲ."

ಅದು ಬಾಯಿಮಾತಲ್ಲವೆಂದು ಟೋಕನ್‌ಗೆ ಗೊತ್ತಾಯಿತು. ಅವನು ಹಗ್ಗವನ್ನು ಬಿಗಿಯಾಗಿ ಹಿಡಿದು ಕಾಲೂರಿ ನಿಂತ. ಬೂಟು ಪಾಚಿಯ ಮೇಲೆ ಸರ್ರನೆ ಜಾರಿತು.

"ಅದನ್ನ ಬಿಚ್ಚೋ ಮೊದಲು" ಎಂದಳು ಚಿಕ್ಕಮ್ಮ. "ನೀನು ಜಾರಿದ್ರೆ ನನ್ನನ್ನೂ ಎಳ್ಕೊಂಡು ಹೋಗ್ತೀಯ. ದೊಡ್ಡ ದಂಡನಾಯಕನ ಬೂಟು."

ಅವನು ಕೂತು ಬೂಟು ಕಿತ್ತ. ಒಳಗೆ ಬೆವರಿ ಬಿಳಿಚಿಕೊಂಡಿದ್ದ ಪಾದಗಳು ಹೊರಬಂದವು. ಎಡ ಹಿಮ್ಮಡಿಯ ಬಿರುಕು ಕಂಡಿತು. ಮನೆಗೆ ಹೋಗುವಾಗ ಈ ಒದ್ದೆ ಬೂಟು ಬೇಡ, ಚಪ್ಪಲಿಯೇ ಹಾಕಿಕೊಂಡು ಹೋದರಾಯಿತು ಎಂದುಕೊಂಡ. ಎಲ್ಲಿಟ್ಟಿದ್ದೆ ಚಪ್ಪಲಿ? ಕೌಂಟರಿನ ಮೊಳೆಗೆ ನೇತುಹಾಕಿದ್ದೆನೇ? ಇಲ್ಲ. ಬೂಟು ಹಾಕಿಕೊಂಡದ್ದು ಕೌಂಟರಿನಲ್ಲಲ್ಲ.

ಮಡುವಿನ ಸದ್ದೆಲ್ಲ ಒಮ್ಮೆಗೇ ಅಡಗಿದಂತಾಯಿತು.

ಕಂದು ಬಣ್ಣ. ಹಳೆಯದು. ಎಡಗಾಲು ಎಳೆದು ನಡೆಯುವವನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಅವನ ಅಮ್ಮ, ಅವನು ಒಂದೇ ಮಳೆಗಾಲದಲ್ಲಿ ಮೂರು ಕೊಡೆ ಕಳೆದಾಗ, ಹಂಗಿಸಿದ್ದಳು. ಆಗ ನಗು ಬಂದಿತ್ತು.

ಈಗ ಬಾಯಿ ಬಿಡಬೇಕು. ಎರಡು ಮಾತು ಸಾಕು: ಚಪ್ಪಲಿ ನಂದು. ಆದರೆ ಅವಳ ನೇರಳೆ ತುಟಿ ಕಂಡಿತು. ತರಚಿ ರಕ್ತ ಒಸರುವ ಮೊಣಕೈ ಕಂಡಿತು. ಸಾಹೇಬರು, ದಾರಿಯಲ್ಲಿರುವ ತಂಡ, ನಾಳೆಯ ಕೌಂಟರು, ಎಲ್ಲ ಕಣ್ಣ ಮುಂದೆ ಬಂದವು. ಹೇಗೆ ಹೇಳಲಿ ಎಂದು ಅವನು ಒಂದು ಉಸಿರಿನಷ್ಟು ತಡೆದ. ಮೊದಲು ಕ್ಷಮೆ ಕೇಳಿ ಆಮೇಲೆ ಹೇಳುವುದೋ, ಹೇಳಿ ಆಮೇಲೆ ಕೇಳುವುದೋ ಎಂಬಂಥ ಹಾಳು ಯೋಚನೆ. ಒಂದೇ ಉಸಿರು.

"ಚಿಕ್ಕಮ್ಮ—"

ಅವಳ ಮಂದ ಕಿವಿ ಅವನ ಕಡೆಗಿತ್ತು. ಅವಳು ಎದೆ ತುಂಬ ಗಾಳಿ ಎಳೆದುಕೊಂಡು ಝರಿಯ ಅಡಿಗೆ ಮುಳುಗಿದಳು.

ಹಗ್ಗ ಅವನ ಅಂಗೈಯಿಂದ ಸರಸರ ಹರಿಯಿತು. ಇಪ್ಪತ್ತು. ಮೂವತ್ತು. ಅವನು ಎರಡು ಸಲ ಜಗ್ಗಿದ, ಬಾ ಎಂಬಂತೆ. ಹಗ್ಗ ಬರಲಿಲ್ಲ. ನಲವತ್ತು. ಬಲವಾಗಿ ಎಳೆದ. ಎಲ್ಲೋ ಬಂಡೆಯ ಸಂದಿಗೆ ಸಿಕ್ಕಿಕೊಂಡು ಹಗ್ಗ ಬಿಗಿಯಾಗಿ ನಿಂತುಬಿಟ್ಟಿತ್ತು, ಗೋಡೆಗೆ ಕಟ್ಟಿದಂತೆ. ಐವತ್ತು.

ಕೂಗಿದ. ಕೂಗಿದ್ದು ಯಾರನ್ನು? ಆ ಕಾಡಿನಲ್ಲಿ ಅವನು, ನೀರು, ಮೇಲೆ ಬುಟ್ಟಿಯ ಕೆಳಗೆ ಅವನದೇ ಚಪ್ಪಲಿ. ಇಲ್ಲದ ಹೆಣವನ್ನು ಹುಡುಕಲು ಹೋದವಳು ಅಲ್ಲೇ ಉಳಿಯುತ್ತಿದ್ದಾಳೆ. ಅರವತ್ತು. ಅವನಿಗೆ ಈಜು ಬರುತ್ತಿರಲಿಲ್ಲವೆಂದಲ್ಲ. ಸೊಂಟದುದ್ದದ ನೀರಿನಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಹಗ್ಗ ಹಿಡಿದುಕೊಂಡೇ ಬಂಡೆಯಿಂದ ಬಂಡೆಗೆ ಝರಿಯ ಕಡೆ ಸರಿದ. ಎರಡನೆಯ ಬಂಡೆಯ ಮೇಲೆ ಪೂರ್ತಿ ಮೈಭಾರ ಹಾಕಿ ಹಗ್ಗ ಎಳೆದ. ಕಾಲು ಜಾರಿತು. ಅವನ ಜೀವಮಾನದ ಏಕೈಕ ಸಾಹಸ ಹೀಗೆ ಬೆನ್ನು ಕೆಳಗಾಗಿ ನಡೆಯಿತು.

ನೀರು ಐಸಿನಂತೆ ಕಿವಿ ಮೂಗು ಹೊಕ್ಕಿತು. ಝರಿಯ ಹೊಡೆತ ಅವನನ್ನು ಒಗೆಯುವ ಬಟ್ಟೆಯಂತೆ ತಿರುಚಿ ಕೆಳಕ್ಕೆ ತಳ್ಳಿತು. ಮೇಲು ಯಾವುದು ಕೆಳಗು ಯಾವುದು ತಿಳಿಯಲಿಲ್ಲ. ಅಮ್ಮ ಬಾಗಿಲ ಕಡೆ ನೋಡುತ್ತ ಕೂತಿರುತ್ತಾಳೆ ಎಂದು ಹೊಳೆಯಿತು. ಮೆಟ್ಟಿಲಿಳಿಯುವಾಗ ತಾನೇ ಕಟ್ಟಿದ ಕಥೆ. ಅಷ್ಟರಲ್ಲಿ ಯಾವುದೋ ಕೈ ಅವನ ಕಾಲಿನ ಗಿಣ್ಣನ್ನು ಹಿಡಿಯಿತು. ಬಿಡಿಸಿಕೊಳ್ಳಲಾಗದ ಹಿಡಿತ. ಆ ಕೈ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಅಂಗಿಯ ಕಾಲರಿಗೆ ಬಂತು. ಎಳೆಯಿತು.

ದಡದ ತೆಳುನೀರಿನಲ್ಲಿ ಅವನು ಮಗುಚಿ ಬಿದ್ದ. ಚಿಕ್ಕಮ್ಮ ಮೊಣಕಾಲೂರಿ ಅವನ ಬೆನ್ನಿನ ಮೇಲೆ ಎರಡು ಕೈಯಿಂದ ಒತ್ತುತ್ತಿದ್ದಳು. ಸೊಂಟದ ಹಗ್ಗವಿರಲಿಲ್ಲ, ಸಿಕ್ಕಿಕೊಂಡಾಗ ಬಿಚ್ಚಿ ಹೊರಬಂದಿದ್ದಳು. "ನೀನು ಸಿಕ್ದೆ" ಎನ್ನುತ್ತಿದ್ದಳು. "ಸಿಕ್ದೆ ಕಣಪ್ಪಾ. ಉಸಿರಾಡು. ಇದ್ದೀಯ. ಇದ್ದೀಯ ನೀನು. ಉಸಿರಾಡು." ಅಂಥ ದನಿಯನ್ನು ಟೋಕನ್ ಅವಳ ಬಾಯಲ್ಲಿ ಕೇಳಿರಲಿಲ್ಲ. ಅವನು ನೀರು ಕಾರಿದ, ಕೆಮ್ಮಿದ. ಅವಳು ಎರಡು ಕೈಯಲ್ಲಿ ಅವನ ಮುಖ ಹಿಡಿದು ತಿರುಗಿಸಿದಳು.

ಸ್ವಲ್ಪ ಹೊತ್ತು ನೋಡಿದಳು.

"ಟೋಕನ್ನಾ?" ಎಂದಳು. ಮುಖ ಬೂದಿಯಾಯಿತು. ತಿರುಗಿ ನೀರಿನ ಕಡೆ ನೋಡಿದಳು. ಮತ್ತೆ ಇಳಿಯಲು ಎದ್ದಳು.

ಅವನು ಅವಳ ಸೆರಗಿನ ತುದಿ ಹಿಡಿದುಕೊಂಡ. "ಚಪ್ಪಲಿ ನಂದು, ಚಿಕ್ಕಮ್ಮ. ಬುಟ್ಟಿ ಕೆಳಗಿರೋದು. ಮಧ್ಯಾಹ್ನ ಬೂಟು ಹಾಕ್ಕೊಳ್ಳುವಾಗ ಅಲ್ಲೇ ಬಿಟ್ಟೆ. ನೀರಲ್ಲಿ ಯಾರೂ ಇಲ್ಲ."

ಹೊಡೆಯುತ್ತಾಳೆ ಎಂದುಕೊಂಡ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಮೆಟ್ಟಿಲು ಹತ್ತತೊಡಗಿದಳು. ಒಂದೊಂದು ಮೆಟ್ಟಿಲಿಗೂ ಕೈಯೂರಿ. ಅವನು ಹಿಂದೆ ಹಿಂದೆ. ಮಳೆ ಇಲ್ಲಿಗೂ ಬಂದಿತ್ತು. ಹಾಸುಗಲ್ಲಿನ ಮೇಲೆ ಅವಳು ಕಲ್ಲು ಸರಿಸಿ ಬುಟ್ಟಿ ಎತ್ತಿದಳು. ಜೋಡಿ ಬೆಚ್ಚಗೆ ಒಣಗಿತ್ತು.

"ಹಾಕ್ಕೋ."

ಹಾಕಿಕೊಂಡ.

"ನಡಿ."

ಆ ತುದಿಯವರೆಗೆ ನಡೆದು ತಿರುಗಿ ಬಂದ. ಅವಳು ಅವನ ಎಡ ಹಿಮ್ಮಡಿಯನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ನಡೆಸಿದಳು. ಆಮೇಲೆ ಕೂತುಬಿಟ್ಟಳು. ಕೊನೆಯ ಗೀಟಿಗೆ ಅಡ್ಡಗೀಟು ಎಳೆಯಲು ಸುಣ್ಣದ ಕಡ್ಡಿ ಎತ್ತಿಕೊಂಡಳು; ಒದ್ದೆ ಬಂಡೆಯ ಮೇಲೆ ಗೀಟು ಅರೆಬರೆ ಮೂಡಿತು. ಮಳೆ ಅದನ್ನೂ ತೊಳೆಯಿತು.

"ಯಾವಾಗ ಗೊತ್ತಾಯ್ತು ನಿಂಗೆ?"

ಸುಳ್ಳು ಹೇಳಬಹುದಿತ್ತು. "ಬೂಟು ಬಿಚ್ಚಿದಾಗ. ನೀವು ಪೊಟರೆಗೆ ಮುಳುಗೋ ಮುಂಚೆ. ಹೇಳೋಕೆ ಬಾಯಿ ಬರಲಿಲ್ಲ."

ಚಿಕ್ಕಮ್ಮ ಸೊಂಟದ ಪೊಟ್ಟಣಕ್ಕೆ ಕೈ ಹಾಕಿದಳು. ಕಾಲಿಗೆ ಹತ್ತಿದ್ದ ಎರಡು ಜಿಗಣೆ ಉಬ್ಬುತ್ತಿದ್ದವು; ಉಪ್ಪಿನ ಪೊಟ್ಟಣ ನೆನೆದು ಕರಗಿಹೋಗಿತ್ತು. ಅವನು ಬಗ್ಗಿ ಅವನ್ನು ಉಗುರಿನಿಂದ ಕಿತ್ತ. ರಕ್ತ ಮಳೆಯೊಂದಿಗೆ ಹರಿಯಿತು.

"ಬರಲ್ಲ" ಎಂದಳು ಕೊನೆಗೆ. "ಆ ಹೊತ್ತಿಗೆ ಬಾಯಿ ಬರಲ್ಲ. ನಂಗೊತ್ತು."

ಮೇಲೆ ರಸ್ತೆಯಲ್ಲಿ ಯಾವುದೋ ಗಾಡಿಯ ಸದ್ದು ಕೇಳಿ, ತಂಡವಿರಬೇಕೆಂದು ಟೋಕನ್ ಎದ್ದ. ಸದ್ದು ದಾಟಿ ಹೋಯಿತು. ಅವನು ಮತ್ತೆ ಕೂತ. ಕೇಳಬಾರದೆಂದು ಗೊತ್ತಿತ್ತು, ಹೇಳಬೇಕಾದಾಗ ಬಾರದ ಬಾಯಿ ಕೇಳಬಾರದಾಗ ತಾನಾಗಿ ತೆರೆದುಕೊಂಡಿತು.

"ಆ ಸಲ, ಚಿಕ್ಕಮ್ಮ... ಚಪ್ಪಲಿ ಎತ್ತಿಟ್ರಿ. ಸರಿ. ಎರಡು ದಿನ ಯಾರೂ ಕೇಳ್ಕೊಂಡು ಬರಲಿಲ್ಲ. ಆಗಲೂ ನಿಮಗೆ ಅನುಮಾನ ಬರಲಿಲ್ವಾ?"

ಅವಳು ತನ್ನ ಬರಿಗಾಲುಗಳನ್ನು ಮುಂದೆ ಚಾಚಿ, ಅವನ್ನು ನೋಡುತ್ತ ಹೇಳಿದಳು.

"ಯಾರೂ ಬರದೇ ಇರಲಿ ಅಂತಿದ್ದೆ. ಹೊಸ ಚಪ್ಪಲಿ ಕಣೋ. ನನ್ನ ಕಾಲಲ್ಲೇ ಇತ್ತು."